ಮದುಮಗನಿಲ್ಲದ ಮದುವೆ

ಮಾರ್ಚ್ 4, 2024, ಸೋಮವಾರ

ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದುವವಳು ಮಾತ್ರ ನಾನೊಬ್ಬಳೇ; ಉಳಿದವರಿಗೆ ಬರುವುದು ತಮಿಳು ಅಕ್ಷರ. ಕೊಳ್ಳೇಗಾಲದ ಅಜ್ಜಿಯ ಮನೆಯಲ್ಲಿದ್ದು ಹತ್ತನೇ ತರಗತಿಯವರೆಗೆ ಕಲಿತದ್ದರ ಲಾಭ ಇದು. ಬರೆದದ್ದನ್ನು ಬಚ್ಚಿಡಬೇಕಾಗಿಲ್ಲ. ಅತ್ತಿಗೆ ಸೆಲ್ವಿ ಈಗಷ್ಟೇ ಬಂದು ಪುಟ ನೋಡಿ, "ಏನೇ ಇಂದು, ಕಾಗದದ ಮೇಲೆ ರಂಗೋಲಿ ಬುಡ್ತಾ ಇದೀಯಾ?" ಎಂದು ಕೇಳಿ ಹೋದರು.

ಸೇಲಂನ ಗುಗೈ ಬಡಾವಣೆಯಲ್ಲಿರುವ ಅಣ್ಣನ ಮನೆಗೆ ಬಂದು ವಾರದ ಮೇಲಾಯಿತು. ತಂದದ್ದು ಒಂದು ಬಟ್ಟೆಯ ಚೀಲ, ಮತ್ತೆ ಕಂಪ್ಯೂಟರಿನ ಸಿಪಿಯು. ಸಿಪಿಯು ನನ್ನದು. ಮದುವೆಯಲ್ಲಿ ಬೀರು ಬೇಡ, ಇದು ಬೇಕು ಎಂದು ಕೇಳಿ ಅಪ್ಪನಿಂದ ಕೊಡಿಸಿಕೊಂಡದ್ದು. ಮಾನಿಟರ್ ನನ್ನ ಗಂಡ ಗೋವಿಂದರಾಜ್ ಅವರದು, ಅಲ್ಲೇ ಬಿಟ್ಟು ಬಂದೆ. ನ್ಯಾಯ ನ್ಯಾಯವೇ.

ಬಂದ ಕಾರಣವನ್ನು ಕೇಳಿದವರಿಗೆಲ್ಲ ಹೇಳಿ ಸಾಕಾಗಿದೆ. ಇಲ್ಲಿ ಒಂದು ಸಲ ಬರೆದುಬಿಡುತ್ತೇನೆ. ಕಂಬೈನಲ್ಲೂರಿನಲ್ಲಿ ನಮ್ಮದು ಮದುವೆ ವಿಡಿಯೋ ಸ್ಟುಡಿಯೋ. ಯಜಮಾನರು ಕ್ಯಾಮೆರಾ ಹಿಡಿಯುತ್ತಾರೆ. ನಾನು ಮನೆಯ ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ, ಟಿವಿಯಲ್ಲಿ ಮೊದಲು ಬರುವ ಗುಂಡಿಗಳ ಪುಟ, ಅಂದರೆ ಮೆನು, ಮಾಡಿ, ಬ್ಲೂ-ರೇ ಡಿಸ್ಕಿಗೆ ಹಾಕುತ್ತೇನೆ. ಒಬ್ಬ ಗಿರಾಕಿಯ ಮನೆಯಲ್ಲಿ ಮೆನು ಬರುತ್ತಿತ್ತು, ಗುಂಡಿ ಒತ್ತಿದರೆ ಮುಂದೆ ಹೋಗುತ್ತಿರಲಿಲ್ಲ. ಅವನು ಸ್ಟುಡಿಯೋಗೆ ಬಂದು ಕೂಗಾಡಿದ. ಗೋವಿಂದರಾಜ್ ಅವನೆದುರಿಗೇ ನನ್ನ ಕೆನ್ನೆಗೆ ಹೊಡೆದರು. ಗಿರಾಕಿ ಕೂಗುವುದನ್ನು ನಿಲ್ಲಿಸಿ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಆಮೇಲೆ ನೋಡಿದರೆ ಡಿಸ್ಕ್ ಸರಿಯಾಗಿತ್ತು, ಅವನ ಪ್ಲೇಯರ್ ಹಳೆಯದು. ಡಿಸ್ಕ್ ತಪ್ಪಿದ್ದಿದ್ದರೆ ಏಟು ಸರಿಯಾಗುತ್ತಿತ್ತೆಂದಲ್ಲ. ಎಲ್ಲರೂ ಮೊದಲು ಕೇಳುವುದು ಅದನ್ನೇ, ಅದಕ್ಕೆ ಬರೆದೆ.

ಮನೆಗೆ ಹಿಂದಿರುಗುವ ತನಕ ಸುಮ್ಮನೆ ಕೂರುವುದೇಕೆಂದು ಸಿಪಿಯುವನ್ನು ಅಣ್ಣನ ಟಿವಿಗೆ ಜೋಡಿಸಿದೆ. ಟಿವಿ ಇರುವುದು ಅಪ್ಪನ ಕೈಮಗ್ಗದ ಗುಂಡಿ ಇದ್ದ ಜಾಗದಲ್ಲಿ. ಮುಚ್ಚಿದ ಮಣ್ಣು ಇನ್ನೂ ಸರಿಯಾಗಿ ಕೂತಿಲ್ಲ, ಮೇಜು ಅಲ್ಲಾಡುತ್ತದೆ. ಸಂಜೆ ಸೀರಿಯಲ್ ಹೊತ್ತಿಗೆ ತಂತಿ ಬಿಚ್ಚಿ ಕೊಡಬೇಕೆಂದು ಅತ್ತಿಗೆ ಷರತ್ತು ಹಾಕಿದ್ದಾರೆ.

ಮಾರ್ಚ್ 7, ಗುರುವಾರ

ಕೆಲಸ ಸಿಕ್ಕಿತು. ಮೇಚೇರಿಯ ಪಳನಿಸ್ವಾಮಿ ಎಂಬವರು ಬಂದಿದ್ದರು. ಕುರಿ ವ್ಯಾಪಾರ, ಅರವತ್ತರ ಆಸುಪಾಸು. ಅಣ್ಣನ ಪರಿಚಯದವರು ಯಾರೋ ನನ್ನ ವಿಷಯ ಹೇಳಿದ್ದರಂತೆ. ಟವೆಲಿನಲ್ಲಿ ಸುತ್ತಿದ್ದ ಹಾರ್ಡ್ ಡಿಸ್ಕನ್ನು ಬಿಚ್ಚಿ ಕೈಗಿಟ್ಟರು.

"ಮೊಗಳ ಮದ್ವೆದು ಕಣಮ್ಮಾ. ಐದು ವರ್ಸ ಆತು. ಒಸದಾಗಿ ಒಂದು ಡಿಸ್ಕು ಮಾಡ್ಕೊಡು."

ಹಳೆಯ ಡಿಸ್ಕು ಏನಾಯಿತೆಂದು ಕೇಳಿದೆ.

"ಅದ್ರಲ್ಲಿ ಮಾಪಿಳ್ಳೆ ಅವ್ನೆ."

ಮದುವೆಯ ಡಿಸ್ಕಿನಲ್ಲಿ ಮದುಮಗ ಇರುವುದು ವಾಡಿಕೆ ಎಂದೆ.

"ಇರಕೂಡ್ದು" ಎಂದರು.

ಆಮೇಲೆ ವಿಷಯ ಬಿಚ್ಚಿದರು. ಮಗಳು ಕಾರ್ತಿಕಾ ಗಂಡನನ್ನು ಬಿಟ್ಟು ತವರಿಗೆ ಬಂದಿದ್ದಾಳೆ. ಕೋರ್ಟಿನಲ್ಲೂ ಮುಗಿದಿದೆ. ಇವರು ಹಳೆಯ ಡಿಸ್ಕನ್ನು ಮುರಿದುಹಾಕಲು ಹೊರಟಿದ್ದರಂತೆ. ಆದರೆ ಇವರ ತಾಯಿ ಕಣ್ಣಮ್ಮ ಮೊಮ್ಮಗಳ ಮದುವೆಯಾದ ಮರುವರ್ಷ ತೀರಿಕೊಂಡರು. ಆ ಮುದುಕಿ ನಡೆದಾಡುವುದು, ಮಾತಾಡುವುದು ಇರುವುದು ಈ ವಿಡಿಯೋದಲ್ಲಿ ಮಾತ್ರ.

"ನಮ್ಮವ್ವ ಬೇಕು. ಅವ್ನು ಬ್ಯಾಡ. ಅಷ್ಟೇ."

ಈಗೆಲ್ಲ ಪೆನ್ ಡ್ರೈವ್ ಸುಲಭ ಎಂದೆ.

"ಪೆನ್ ಡ್ರೈವ್ ಆದ್ರೆ ಯಾವನಾನಾ ಫೋನಿಗೆ ಆಕ್ಕೊಂಡು ಊರೆಲ್ಲಾ ವಾಟ್ಸಾಪಲ್ಲಿ ಬುಡ್ತಾನೆ. ಡಿಸ್ಕು ಮನೇಲೇ ಬಿದ್ದಿರ್ತೈತೆ. ಪ್ಲೇಯರ್ ಐತೆ ನಮ್ಮನೇಲಿ, ಒಳ್ಳೇದು." ಟವೆಲ್ ಮಡಚುತ್ತ ಸೇರಿಸಿದರು: "ಅದೂ ಅವ್ನೇ ತಂದ್ಕೊಟ್ಟಿದ್ದು. ಚೆನ್ನಾಗಿ ಓಡ್ತೈತೆ, ಅದಿರ್ಲಿ."

ಒಪ್ಪಿಕೊಂಡೆ. ಎರಡು ಮೂರು ವಾರದ ಕೆಲಸ. ಅಷ್ಟರಲ್ಲಿ ಮನೆಯಿಂದ ಕರೆ ಬರಬಹುದು.

ಮಾರ್ಚ್ 11, ಸೋಮವಾರ

ಮದುವೆಯಲ್ಲಿ ಮದುಮಗ ಎಲ್ಲ ಕಡೆಯೂ ಇರುತ್ತಾನೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ನನಗೆ ಇದು ಹೊಳೆದಿರಲಿಲ್ಲ. ಚಪ್ಪರದ ಕಂಬದ ಪಕ್ಕ, ಊಟದ ಎಲೆಯ ಮುಂದೆ, ಹುಡುಗಿಯ ಅತ್ತೆಯ ಹಿಂದೆ. ಕುರಿಮರಿ ಎತ್ತಿಕೊಂಡು ಫೋಟೋಗೆ ನಿಂತವನೂ ಅವನೇ. ಅವನನ್ನು ತೆಗೆದರೆ ಕುರಿಮರಿಯೂ ಹೋಗುತ್ತದೆ.

ನೋಡಲು ಲಕ್ಷಣವಾಗಿದ್ದಾನೆ. ಹಿರಿಯರು ಕಂಡರೆ ಬಾಗುತ್ತಾನೆ. ಅತ್ತಿಗೆ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇವ್ನ ನೋಡಿದ್ರೆ ಅಂಗೆ ಕಾಣಲ್ಲ."

"ಎಂಗೆ ಅತ್ತಿಗೆ?"

"ಎಂಡ್ತಿ ಬುಟ್ಟೋಗೋ ಅಂತವನ ಅಂಗೆ."

ಸಾರು ಸೀಯುವ ವಾಸನೆ ಬಂದ ಮೇಲೆ ಒಳಗೆ ಹೋದರು.

ಮಾರ್ಚ್ 12, ಮಂಗಳವಾರ

ಮುಹೂರ್ತದ ಭಾಗ ಮುಗಿಯಿತು. ಕಾರ್ತಿಕಾ ಮಾಲೆ ಎತ್ತುತ್ತಾಳೆ. ಮಾಲೆ ಚಿತ್ರದ ಹೊರಗೆ ಹೋಗುತ್ತದೆ. ಬರಿಗೈ ವಾಪಸು ಬರುತ್ತದೆ. ಚೆನ್ನಾಗಿದೆ.

ಕಂಬೈನಲ್ಲೂರಿನಿಂದ ಫೋನ್ ಇಲ್ಲ. ಮುಹೂರ್ತದ ದಿನಗಳು, ಅವರಿಗೆ ಪುರುಸೊತ್ತು ಇರುವುದಿಲ್ಲ. ಒಬ್ಬರೇ ಊಟಕ್ಕೆ ಏನು ಮಾಡಿಕೊಳ್ಳುತ್ತಾರೋ.

ಮಾರ್ಚ್ 17, ಭಾನುವಾರ

ನಲ್ಲಂಪಳ್ಳಿಯಿಂದ ಸೋದರಮಾವ ಮುನಿಕೃಷ್ಣಪ್ಪ ಬಂದಿದ್ದರು. ನಮ್ಮ ಮದುವೆ ಮಾಡಿಸಿದವರು ಅವರೇ. ಆದ್ದರಿಂದ ದುರಸ್ತಿಯೂ ಅವರದೇ.

"ಒಂದೇಟು ತಾನೇ ಮಗಾ" ಎಂದರು. "ಉಡುಗ ಕುಡಿಯಲ್ಲ, ಇಸ್ಪೀಟ್ ಆಡಲ್ಲ. ಗಿರಾಕಿ ಕೂಗಾಡ್ದಾಗ ಬಿಸೀಲಿ ಕೈ ಎತ್ಬುಟ್ಟ. ಅದ್ಸರಿ, ಡಿಸ್ಕು ಸರಿ ಇತ್ತಾ?"

ಸರಿ ಇತ್ತು ಎಂದೆ.

"ಆಗಾದ್ರೆ ಅವನ್ದೇ ತಪ್ಪು, ಒಪ್ಕೊಂತೀನಿ" ಎಂದು ಮಾವ ದೊಡ್ಡ ಮನಸ್ಸು ಮಾಡಿದರು. ಏಪ್ರಿಲ್ ಏಳರ ಭಾನುವಾರ ಗೋವಿಂದರಾಜ್ ಅವರನ್ನು ಕರೆದುಕೊಂಡು ಬರುತ್ತಾರಂತೆ. ಮಾತಾಡಿ ಅವತ್ತೇ ಕಳಿಸಿಕೊಡುವುದು. ಅಣ್ಣ ಸೆಂದಿಲ್ ತಲೆ ಅಲ್ಲಾಡಿಸಿದ. ಅವನು ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸ ಮಾಡಿ ಮಾಡಿ ಕಿವಿ ಸ್ವಲ್ಪ ಮಂದ ಮಾಡಿಕೊಂಡಿದ್ದಾನೆ. ಯಾವುದಕ್ಕೆ ತಲೆ ಅಲ್ಲಾಡಿಸುತ್ತಾನೆಂದು ಹೇಳಲಾಗುವುದಿಲ್ಲ.

"ಓಗು ಇಂದು" ಎಂದರು ಅತ್ತಿಗೆ. "ಮನೆ ಅಂದ್ಮೇಲೆ ಇದ್ದಿದ್ದೇ."

ನಾನೂ ಹಾಗೆಯೇ ಅಂದುಕೊಂಡಿದ್ದೇನೆ. ಅಷ್ಟರಲ್ಲಿ ಡಿಸ್ಕ್ ಮುಗಿಯುತ್ತದೆ.

ಸಂಜೆ ಸೀರಿಯಲ್ ಹೊತ್ತಿಗೆ ತಂತಿ ಬಿಚ್ಚಲು ಹೋದೆ. "ಇರ್ಲಿ ಬುಡು" ಎಂದರು ಅತ್ತಿಗೆ. "ಆ ಮುದುಕಿ ಆಗ್ಲಿಂದ ಎಲ್ರಿಗೂ ಬಡಿಸ್ತಾನೇ ಅವ್ಳೆ. ಅವ್ಳು ಉಂಡ್ಳಾ ಇಲ್ವಾ ನೋಡಾಣ."

ಉಂಡಳು. ಕೊನೆಯ ಪಂಕ್ತಿಯಲ್ಲಿ.

ಮಾರ್ಚ್ 21, ಗುರುವಾರ

ತೊಂದರೆ ಬಂತು. ಕಣ್ಣಮ್ಮ ಇಡೀ ಮದುವೆಯಲ್ಲಿ ಒಮ್ಮೆ ಮಾತ್ರ ಬಾಯಿ ತುಂಬ ನಗುತ್ತಾರೆ. ಸಂಜೆಯ ರಿಸೆಪ್ಷನ್‌ನಲ್ಲಿ ಮದುಮಗ ಬಾಗಿ ಕಿವಿಯಲ್ಲಿ ಏನೋ ಹೇಳುತ್ತಾನೆ. ಮುದುಕಿ ಸೆರಗನ್ನು ಬಾಯಿಗಿಟ್ಟುಕೊಂಡು, ಹಿಂದಕ್ಕೆ ವಾಲಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ನಾಗಸ್ವರ ಜೋರಾಗಿದೆ, ಅವನು ಏನೆಂದನೋ ಕೇಳುವುದಿಲ್ಲ. ಚಿತ್ರ ದೊಡ್ಡದು ಮಾಡಿ ಮುದುಕಿಯನ್ನಷ್ಟೇ ಉಳಿಸಲು ನೋಡಿದೆ. ಅವನ ಮುಖ ಹೋಯಿತು. ಆದರೆ ಅವಳ ಭುಜದ ಮೇಲೆ ಕೈ ಉಳಿಯಿತು.

ಪಳನಿಸ್ವಾಮಿ ಅವರನ್ನು ಕರೆಸಿ ತೋರಿಸಿದೆ. ತಾಯಿ ನಕ್ಕಿದ್ದನ್ನು ನಾಲ್ಕೈದು ಸಲ ಹಾಕಿಸಿಕೊಂಡರು. ಆಮೇಲೆ ಕೇಳಿದರು:

"ಅದು ಯಾರ ಕೈ?"

"ಮಾಪಿಳ್ಳೆದೇ."

ಟವೆಲಿನಿಂದ ಮುಖ ಒರೆಸಿಕೊಂಡರು. ಇಲ್ಲಿ ಬಿಸಿಲು ಹೆಚ್ಚಾಗಿದೆ. ಫ್ಯಾನ್ ಸಿಪಿಯು ಕಡೆಗೆ ತಿರುಗಿಸಿದ್ದೆ.

"ಕೈ ಇರ್ಲಿ" ಎಂದರು.

ಮಾರ್ಚ್ 26, ಮಂಗಳವಾರ

ಕಾರ್ತಿಕಾ ಬಂದಳು. ಇಲ್ಲೇ ಸೇಲಂನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ. ತಂದೆ ಹೀಗೊಂದು ಡಿಸ್ಕ್ ಮಾಡಿಸುತ್ತಿದ್ದಾರೆಂದು ಅವಳಿಗೆ ನೆನ್ನೆಯಷ್ಟೇ ಗೊತ್ತಾಯಿತಂತೆ. ವಿಡಿಯೋದಲ್ಲಿ ಇದ್ದುದಕ್ಕಿಂತ ತೆಳ್ಳಗಾಗಿದ್ದಾಳೆ. ಚಪ್ಪಲಿ ಬಿಡುತ್ತಲೇ, "ತೋರ್ಸಿ ಅಕ್ಕಾ" ಎಂದಳು.

ತೋರಿಸಿದೆ. ಮಾಲೆ ಹೊರಗೆ ಹೋಗಿ ಬರಿಗೈ ವಾಪಸು ಬಂದಾಗ ಮೊದಲು ನಕ್ಕಳು. ಅಗ್ನಿಗೆ ಒಬ್ಬಳೇ ಸುತ್ತು ಬರುವಾಗ ನಗು ನಿಂತಿತು.

"ಏನಕ್ಕಾ ಇದು, ಪೈತ್ಯಕಾರಿ, ತಲೆ ಕೆಟ್ಟೋಳ ಅಂಗೆ ಕಾಣ್ತಾ ಇದೀನಿ. ಗಾಳಿಗೆ ಮಾಲೆ ಆಕ್ಕೊಂಡು, ಒಬ್ಳೇ ತಲೆ ಬಗ್ಗಿಸ್ಕೊಂಡು."

ತಂದೆ ಹೇಳಿದ ಪ್ರಕಾರ ಮಾಡಿದ್ದೇನೆ ಎಂದೆ.

"ಅಪ್ಪಂಗೆ ಅವ್ನ ಮೊಕ ಕಂಡ್ರೆ ಊಟ ಓಗಲ್ಲ, ಅದು ನನ್ಗೆ ಗೊತ್ತು. ಆದ್ರೆ ಅವ್ನು ಇದ್ದ ಅಕ್ಕಾ. ಎಲ್ರ ಮುಂದೆ ಒಳ್ಳೇವ್ನಾಗಿ ಇದ್ದ, ಕದ ಮುಚ್ಚಿದ್ಮೇಲೆ ಬೇರೆಯಾಗಿ ಇದ್ದ. ಇದ್ದಿದ್ಕೇ ತಾನೇ ನಾನು ಬುಟ್ಬಂದಿದ್ದು? ಅವ್ನೇ ಇಲ್ಲಾಂದ್ರೆ ನಾನು ಯಾರ್ನ ಬುಟ್ಬಂದೆ?"

ನಾನು ವಿಡಿಯೋ ನಿಲ್ಲಿಸಿದೆ. ಬಾಗಿಲಲ್ಲಿ ಅತ್ತಿಗೆ ಕಾಫಿ ಲೋಟ ಹಿಡಿದು ನಿಂತಿದ್ದರು. ಕೊಡುವುದನ್ನು ಮರೆತಿದ್ದರು.

"ಅವ್ನ ತೆಗ್ದಾಕಿದ್ರೆ ನಾನು ತಪ್ಪು ಮಾಡ್ದೋಳ ಅಂಗೆ ಆಗ್ತೈತೆ" ಎಂದಳು ಕಾರ್ತಿಕಾ. "ವಾಪಸ್ ಆಕಿ."

ಹಾಗಾದರೆ ತಂದೆ ಎಂದು ಕೇಳಿದೆ. ಅವರಿಗೂ ಬೇಜಾರಾಗಬಾರದು, ಅದು ನಿಮ್ಮ ಜವಾಬ್ದಾರಿ ಎಂದು ಹೇಳಿ ಕಾಫಿ ಕುಡಿದು ಡ್ಯೂಟಿಗೆ ಹೋದಳು.

ಮಧ್ಯಾಹ್ನವೆಲ್ಲ ಯೋಚಿಸಿದೆ. ಬ್ಲೂ-ರೇಯಲ್ಲಿ ಒಂದು ಅನುಕೂಲವಿದೆ. ವಿಡಿಯೋ ತುಣುಕುಗಳನ್ನು ಒಂದೇ ಸಲ ತುಂಬಿ, ಯಾವುದರ ನಂತರ ಯಾವುದು ಎಂಬ ದಾರಿಯನ್ನು ಮಾತ್ರ ಎರಡು ಮಾಡಬಹುದು. ಮೇಲಿನ ಗುಂಡಿ ಒತ್ತಿದರೆ ಮದುಮಗನಿಲ್ಲದ ಮದುವೆ. ಕೆಳಗಿನದು ಒತ್ತಿದರೆ ನಡೆದ ಮದುವೆ. ಡಿಸ್ಕ್ ಒಂದೇ.

ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಇದ್ದಕ್ಕಿದ್ದಂತೆ, "ನಿಂಗೆ ಯಾವ ಕೆನ್ನೆಗೆ ಒಡ್ದ ಇಂದು?" ಎಂದು ಕೇಳಿದರು. ಎಡಗೆನ್ನೆ ಎಂದೆ. ಇಷ್ಟು ದಿನ ಇದನ್ನು ಯಾರೂ ಕೇಳಿರಲಿಲ್ಲ.

ಏಪ್ರಿಲ್ 2, ಮಂಗಳವಾರ

ಮೆನು ಆಯಿತು. ಇಬ್ಬರ ಹೆಸರು, ನಡುವೆ ಹೃದಯ, ಎರಡು ಪಾರಿವಾಳ, ಇದು ನಮ್ಮ ಕಡೆಯ ಪದ್ಧತಿ. ಮೂರೂ ಬೇಡವೆಂದು ಬಿಟ್ಟೆ. ಹಿನ್ನೆಲೆಗೆ ಕಣ್ಣಮ್ಮ ಹಟ್ಟಿಯ ಮುಂದೆ ಕೂತು ವೀಳ್ಯದೆಲೆ ಒರೆಸುತ್ತಿರುವ ಚಿತ್ರ. ಅದು ನಿಂತ ಚಿತ್ರವಲ್ಲ, ಕೈ ಮೆಲ್ಲಗೆ ಆಡುತ್ತಲೇ ಇರುತ್ತದೆ. ಎಲೆ ಮುಗಿಯುವ ಮುಂಚೆ ಮೊದಲಿಗೆ ಹೋಗುತ್ತದೆ, ಜೋಡಣೆ ಗೊತ್ತಾಗುವುದಿಲ್ಲ. ಅದೊಂದಕ್ಕೇ ಎರಡು ದಿನ ಹಿಡಿಯಿತು.

ಗುಂಡಿಗಳ ಮೇಲೆ ತಮಿಳು ಅಕ್ಷರದಲ್ಲಿ ಕನ್ನಡ ಬರೆದೆ. ಆ ಮನೆಯವರು ಮಾತಾಡುವುದು ಇದು, ಓದುವುದು ಅದು. ಮೇಲಿನದಕ್ಕೆ "ಅವ್ವ". ಕೆಳಗಿನದಕ್ಕೆ "ಎಲ್ಲಾರೂ".

ಅತ್ತಿಗೆಗೆ ರಿಮೋಟ್ ಕೊಟ್ಟು ಪರೀಕ್ಷೆ ಮಾಡಿಸಿದೆ. ಅವರು ಎಲ್ಲ ಬಾಣಗಳನ್ನೂ ಒಟ್ಟಿಗೆ ಒತ್ತುತ್ತಾರೆ. ಅವರ ಕೈಯಲ್ಲಿ ಉಳಿದ ಮೆನು ಯಾರ ಕೈಯಲ್ಲೂ ಉಳಿಯುತ್ತದೆ.

ಏಪ್ರಿಲ್ 3, ಬುಧವಾರ

ಡಿಸ್ಕಿಗೆ ಬರೆಯುವುದು ಮುಗಿಯುವ ಹೊತ್ತಿಗೆ ಕರೆಂಟ್ ಹೋಯಿತು. ಡಿಸ್ಕ್ ಕೆಟ್ಟಿತು. ಅತ್ತಿಗೆ ಅದನ್ನು ತೊಗೊಂಡು ಹೋಗಿ ಮಜ್ಜಿಗೆ ಪಾತ್ರೆಗೆ ಮುಚ್ಚಿದ್ದಾರೆ. ಅಳತೆ ಸರಿಯಾಗಿದೆ, ನಡುವೆ ತೂತು ಒಂದು ಬಿಟ್ಟರೆ.

ಏಪ್ರಿಲ್ 5, ಶುಕ್ರವಾರ

ಆಯಿತು. ಪೂರ್ತಿ ಓಡಿಸಿ ನೋಡಿದೆ, ಎರಡು ದಾರಿಯನ್ನೂ. ಎಲ್ಲೂ ನಿಲ್ಲಲಿಲ್ಲ.

ಏಪ್ರಿಲ್ 7, ಭಾನುವಾರ

ಮಾವ ಬಂದರು, ಜೊತೆಗೆ ಗೋವಿಂದರಾಜ್. ಬಿಳಿ ಷರಟು ಹಾಕಿದ್ದ. ಮೀಸೆ ಕತ್ತರಿಸಿಕೊಂಡಿದ್ದ. ಚಾಪೆಯ ಮೇಲೆ ಕೂತು ಮೊದಲು ಹೇಳಿದ್ದು ಇದು:

"ಒಸ ಮಾನಿಟರ್ ತಂದಿವ್ನಿ ಇಂದು. ದೊಡ್ಡದು. ಕಾರಲ್ಲೇ ಐತೆ."

ನಾನು ಅಲ್ಲಿಗೆ ಹೋಗುವುದಾದರೆ ಅದನ್ನು ಇಲ್ಲಿಗೆ ಏಕೆ ತಂದ ಎಂದು ಕೇಳಲಿಲ್ಲ.

"ಚಿತ್ತಿರೈ ತಿಂಗ್ಳ ಮುಹೂರ್ತ ಬತ್ತಾ ಐತೆ. ಆಗ್ಲೇ ಮೂರ್ನಾಕು ಮದ್ವೆ ಕೆಲ್ಸ ಅಂಗೇ ನಿಂತೈತೆ. ಯಾರ ಕೈಲೋ ಮೆನು ಮಾಡ್ಸಿದೆ, ಸರಿ ಬರ್ಲಿಲ್ಲ" ಎಂದ. ಮಾವ ಮೊಣಕೈಯಿಂದ ತಿವಿದ ಮೇಲೆ, "ಆವತ್ತು ನಡ್ದಿದ್ದು ನಡ್ದೋತು. ಬುಟ್ಬುಡಾಣ" ಎಂದೂ ಹೇಳಿದ.

"ಆತಲ್ಲ" ಎಂದರು ಮಾವ. "ಒಂದೇಟು ತಾನೇ. ಓಗು ಮಗಾ, ಬಟ್ಟೆ ಜೋಡಿಸ್ಕೋ."

ಅಣ್ಣ ನೆಲ ನೋಡುತ್ತಿದ್ದ. ಅತ್ತಿಗೆ ಕಾಫಿ ತಂದು ಇಟ್ಟವರು ಒಳಗೆ ಹೋಗಲಿಲ್ಲ. ತಟ್ಟೆಯನ್ನು ಎದೆಗೆ ಹಿಡಿದುಕೊಂಡು ನಿಂತರು.

"ಮಾವಾ, ಒಂದ್ ಮಾತು. ಮೇಚೇರೀಲಿ ಒಬ್ರು ಅವ್ರೆ, ಕುರಿ ಯಾಪಾರ. ಮೊಗಳು ವಾಪಸ್ ಬಂದ್ಳು. ಆ ಮನುಷ್ಯ ಬಂದು ಏನ್ ಕೇಳಿದ್ರು ಗೊತ್ತಾ? ಮಾಪಿಳ್ಳೆನ ಮದ್ವೆ ವಿಡಿಯೋದಿಂದ್ಲೇ ಕಿತ್ತಾಕು ಅಂದ್ರು. ಆಗಲ್ಲ ಅದು, ತಪ್ಪೂವೆ, ನನ್ಗೂ ಗೊತ್ತು. ಆದ್ರೂ ಕೇಳಿದ್ರು. ನಮ್ ಉಡುಗಿ ಬಂದಾಗ ನಾವು ಏನ್ ಕೇಳಿದ್ವಿ? ಡಿಸ್ಕು ಸರಿ ಇತ್ತಾ ಅಂದ್ವಿ. ನಾನೂ ಅದ್ನೇ ಕೇಳ್ದೆ."

ಯಾರೂ ಕಾಫಿ ಮುಟ್ಟಲಿಲ್ಲ.

"ಎಂಗಸ್ರು ಮಾತು ಬ್ಯಾಡ" ಎಂದರು ಮಾವ. "ಇಂದು, ನೀನು ಏಳು."

ನಾನೂ ಹೆಂಗಸೇ ಎಂಬುದು ಅವರಿಗೆ ಆ ಕ್ಷಣ ಮರೆತಿರಬೇಕು.

"ನಾನು ಬರಲ್ಲ" ಎಂದೆ. ಇನ್ನೂ ಏನೇನೋ ಹೇಳಬೇಕೆಂದು ಬಾಯಿ ತೆರೆದೇ ಇದ್ದೆ. ಹುಡುಕಿದರೆ ಒಳಗೆ ಅಷ್ಟೇ ಇತ್ತು.

ಗೋವಿಂದರಾಜ್ ಎದ್ದು ನಿಂತ. "ಎಲ್ರ ಮುಂದೆ ನನ್ಗೆ ಅವಮಾನ ಮಾಡ್ತೀಯಾ?"

ಈ ಸಲ ಕ್ಯಾಲೆಂಡರ್ ಓದಿದವರು ಯಾರೂ ಇರಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಅಣ್ಣನೂ.

"ಕಾಫಿ ಕುಡ್ದು ಒರಡಿ ಬಾವಾ" ಎಂದ ಅಣ್ಣ. ಅವನಿಗೆ ಎಲ್ಲ ಕೇಳಿಸಿತ್ತು ಎಂದಾಯಿತು.

ಕುಡಿಯದೆ ಹೊರಟರು. ಮಾವ ಬಾಗಿಲಲ್ಲಿ ತಿರುಗಿ, ಮುಂದೆ ಏನು ಮಾಡ್ತೀಯ ಎಂದು ಕೇಳಿದರು. ಪಾಪ, ಕೋಪದಿಂದಲ್ಲ, ನಿಜವಾಗಿ ಗೊತ್ತಾಗದೆ ಕೇಳಿದರು. ಮೆನು ಮಾಡ್ತೀನಿ ಎಂದೆ.

ಏಪ್ರಿಲ್ 8, ಸೋಮವಾರ

ಅಣ್ಣ ಶೆಡ್ಡಿಗೆ ಹೋಗುವ ಮುಂಚೆ ಟಿವಿ ಮೇಜಿನ ಕಾಲಡಿ ಮಣ್ಣು ಅಗೆದು, ಚಪ್ಪಡಿ ಕಲ್ಲು ಕೂರಿಸಿ, ಅಲ್ಲಾಡಿಸಿ ನೋಡಿ ಹೋದ.

ಏಪ್ರಿಲ್ 22, ಸೋಮವಾರ

ನಡುವೆ ಬರೆಯಲು ಆಗಲಿಲ್ಲ. ಒಂದು ಸೀಮಂತ, ಒಂದು ಕಿವಿ ಚುಚ್ಚುವ ಕಾರ್ಯ, ಎರಡು ಕೆಲಸ ಬಂದವು.

ಇವತ್ತು ಮೇಚೇರಿಗೆ ಹೋಗಿದ್ದೆವು. ನೀವೇ ಬಂದು ಹಾಕಿ ತೋರಿಸಬೇಕೆಂದು ಪಳನಿಸ್ವಾಮಿ ಹಟ ಹಿಡಿದಿದ್ದರು. ಅತ್ತಿಗೆಯೂ ಹೊರಟರು. ಇಷ್ಟು ದಿನ ನೋಡಿದ ಮನೆಯನ್ನು ಒಂದು ಸಲ ಕಣ್ಣಾರೆ ನೋಡಬೇಕಂತೆ. ಹೊಸಿಲು ದಾಟುತ್ತಲೇ, "ಇದೇ ತಾನೇ ಮುದುಕಿ ಬಡಿಸ್ತಿದ್ದ ಜಾಗ?" ಎಂದು ಕೇಳಿ ಕಾರ್ತಿಕಾಳನ್ನು ನಗಿಸಿದರು.

ಡಿಸ್ಕ್ ಹಾಕಿದೆ. ಮೆನು ಬಂತು. ಟಿವಿ ತುಂಬ ಕಣ್ಣಮ್ಮ ವೀಳ್ಯದೆಲೆ ಒರೆಸತೊಡಗಿದರು. ಪಳನಿಸ್ವಾಮಿ ಕೂತಿದ್ದವರು ಎದ್ದು ನಿಂತರು, ಮತ್ತೆ ಕೂತರು.

"ಕೆಳಗೆ ಎಲ್ಲಾರೂ ಅಂತ ಐತಲ್ಲ, ಅದೇನು?"

"ಅದು ನಂದು ಅಪ್ಪಾ" ಎಂದಳು ಕಾರ್ತಿಕಾ. "ಮೇಲಿಂದು ನಿಂದು."

"ಎಲ್ಲಾರೂ ಅಂದ್ರೆ ಅವ್ನೂನಾ?"

"ಅವ್ನೂನೂ."

ಅವರು ಮೇಲಿನದನ್ನು ಒತ್ತಿದರು. ಪೂರ್ತಿ ನೋಡಿದರು. ಮಗಳು ಗಾಳಿಗೆ ಮಾಲೆ ಹಾಕಿದಳು, ಒಬ್ಬಳೇ ಅಗ್ನಿಗೆ ಸುತ್ತು ಬಂದಳು. ಅವರು ಒಮ್ಮೆ ಮಗಳ ಕಡೆ ತಿರುಗಿ ನೋಡಿದರು. ಅವ್ವ ನಕ್ಕಳು, ಭುಜದ ಮೇಲೆ ಕೈ ಇತ್ತು. ಮುಗಿದು ಮೆನು ವಾಪಸು ಬಂತು. ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡರು. ಮೆನುವಿನಲ್ಲಿ ಎಲೆ ಒರೆಸುವ ಕೈ ಎಷ್ಟೋ ಸುತ್ತು ಓಡಿತು. ಜೋಡಣೆ ಎಲ್ಲೂ ಕಾಣಲಿಲ್ಲ.

ಆಮೇಲೆ ಕೆಳಗಿನ ಬಾಣ ಒತ್ತಿದರು. ಬಣ್ಣ ಎರಡನೇ ಗುಂಡಿಗೆ ಸರಿಯಾಗಿ ಇಳಿಯಿತು.

ಈ ಸಲ ಅವನೂ ಬಂದ. ಮಾಲೆ ಅವನ ಕೊರಳಿಗೆ ಬಿತ್ತು. ಪಳನಿಸ್ವಾಮಿ ಕಣ್ಣು ಕೀಳದೆ ನೋಡಿದರು. ಕಾರ್ತಿಕಾ ಬಂದು ತಂದೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಮುದುಕಿ ನಗುವ ಜಾಗ ಬಂದಾಗ ಅವರು ಕೇಳಿದರು:

"ಏನಂದ ಅವ್ನು?"

"ಅಜ್ಜೀ, ಈ ಕೋಟು ನೀನು ಆಕ್ಕೋ, ನಿನ್ ಸೀರೆ ನನ್ಗೆ ಕೊಡು, ಬ್ಯಾಸ್ಗೆ ತಡ್ಯಾಕಾಗಲ್ಲ ಅಂದ."

ಪಳನಿಸ್ವಾಮಿ ನಗಬಾರದೆಂದು ಬಹಳ ನೋಡಿದರು. ಕೊನೆಗೆ ಕೆಮ್ಮು ಬರುವಷ್ಟು ನಕ್ಕರು. ನಗುವಾಗ ಅವರೂ ತಾಯಿಯ ಹಾಗೆಯೇ ಹಿಂದಕ್ಕೆ ವಾಲುತ್ತಾರೆ. ಟವೆಲಿನಿಂದ ಕಣ್ಣು ಒರೆಸಿಕೊಂಡು ಹೇಳಿದರು:

"ಇಂಗೆ ಮಾತಾಡಿ ಮಾತಾಡಿ ತಾನೇ ನಾವು ಏಮಾರಿದ್ದು."

"ಊಂ ಅಪ್ಪಾ" ಎಂದಳು ಮಗಳು. "ನಾನೊಬ್ಳೇ ಅಲ್ಲ. ಎಲ್ಲಾರೂ."

ಊಟ ಮಾಡಿಸಿಯೇ ಕಳಿಸಿದರು. ಓಮಲೂರಿನಲ್ಲಿ ಬಸ್ ಬದಲಾಯಿಸಿ ಟೌನ್ ಬಸ್ ಹತ್ತಿದೆವು. ಅತ್ತಿಗೆ ಪಕ್ಕದ ಸೀಟಿನ ಹೆಂಗಸಿಗೆ ಆಗಲೇ ಕಥೆ ಶುರು ಮಾಡಿದ್ದರು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ಮನೆಗೆ ಎಂದೆ. ಯಾವ ಸ್ಟಾಪಮ್ಮಾ ಎಂದು ಬೈದ.